ಸಂಪಾದಕರ ಉತ್ತರ: ಹನ್ನೆರಡನೇ ಬೆಡ್ಡಿನ ರೋಗಿ

ಮಾನ್ಯ ಓದುಗರಿಗೆ ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಬರೆದ ಪತ್ರ ತಲುಪಿದೆ. ಕೊಟ್ಟಿಗೆಯ ಕರು ಸತ್ತಾಗ ಎರಡು ದಿನ ಊಟ ಬಿಟ್ಟಿದ್ದ ಮಗಳು ಈಗ ಎಂಬಿಬಿಎಸ್ ಮೂರನೆಯ ವರ್ಷದಲ್ಲಿದ್ದಾಳೆಂದೂ, ರಜೆಗೆ ಬಂದವಳು ವಾರ್ಡಿನಲ್ಲಿ ಕಂಡ ಸಾವೊಂದನ್ನು ಕಡುಬು ತಿನ್ನುತ್ತಲೇ ಹೇಳಿ ಮುಗಿಸಿದಳೆಂದೂ, ಸತ್ತವರು ಯಾರೆಂದು ಕೇಳಿದರೆ 'ಹನ್ನೆರಡನೇ ಬೆಡ್' ಎಂದಳೆಂದೂ ತಿಳಿಸಿ, ಓದು ಅವಳ ಮನಸ್ಸನ್ನು ಕಲ್ಲು ಮಾಡುತ್ತಿದೆಯೆ ಎಂದು ಕೇಳಿದ್ದೀರಿ.

ನಿಮ್ಮ ಆತಂಕಕ್ಕೆ ಆಧಾರವಿಲ್ಲದೆ ಇಲ್ಲ. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನು ವರ್ಷವರ್ಷವೂ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವರ ಸಹಾನುಭೂತಿಯ ಅಂಕ ಮೂರನೆಯ ವರ್ಷದಲ್ಲಿ, ಅಂದರೆ ಅಲ್ಲಿನವರು ಪೂರ್ಣಾವಧಿಗೆ ರೋಗಿಗಳ ನಡುವೆ ಕಾಲಿಡುವ ಹೊತ್ತಿನಲ್ಲೇ, ಇಳಿಯುತ್ತದೆಂದು ಕಂಡುಕೊಂಡಿತು. ಆದರೆ ಆ ಅಂಕ ವಿದ್ಯಾರ್ಥಿಗಳು ತಮ್ಮ ಬಗ್ಗೆ ತಾವೇ ಕೊಟ್ಟ ಉತ್ತರಗಳಿಂದ ಬಂದದ್ದು. ತನ್ನನ್ನು ಕಠಿಣವಾಗಿ ಅಳೆದುಕೊಳ್ಳುವವನೂ ಅಲ್ಲಿ ಕಡಿಮೆ ಅಂಕ ಪಡೆಯಬಹುದು. ಅಲ್ಲದೆ, ಸಲೋವಿ ಮತ್ತು ಮೇಯರ್ ಎಂಬ ಮನೋವಿಜ್ಞಾನಿಗಳು 1990ರಲ್ಲಿ ರೂಪ ಕೊಟ್ಟ ಭಾವನಾತ್ಮಕ ಬುದ್ಧಿವಂತಿಕೆಯೆಂಬ ಪರಿಕಲ್ಪನೆ ಬರಿಯ ಮೃದುತನವಲ್ಲ. ತನ್ನೊಳಗಿನ ಮತ್ತು ಎದುರಿನವರ ಭಾವನೆಯನ್ನು ಗುರುತಿಸಿ, ಅದನ್ನು ಹದದಲ್ಲಿಟ್ಟುಕೊಂಡು ಮುಂದಿನ ಹೆಜ್ಜೆಯಿಡುವ ಶಕ್ತಿ ಅದು. ಕಣ್ಣು ತುಂಬಿಕೊಂಡವಳಿಗೆ ಮಗುವಿನ ಸಣ್ಣ ರಕ್ತನಾಳ ಹುಡುಕಿ ಸೂಜಿ ಹಾಕಲಾಗದು. ಹಾಗಾಗಿ ನೀವು ಕಂಡದ್ದರಲ್ಲಿ ಒಂದು ಪಾಲು ಕಲಿಕೆಯೇ.

ಇನ್ನೊಂದು ಪಾಲನ್ನು, ಅಂದರೆ ಎದುರಿನವರ ಭಾವನೆಯನ್ನು ಗುರುತಿಸುವುದನ್ನು, ಹೇಗೆ ಕಲಿಯಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಹರಡುತ್ತದೆಯಾದ್ದರಿಂದ, ಬೇಸಿಗೆಯಲ್ಲಿ ಜ್ವರವೆಂದು ಬಂದವರನ್ನು 'ಕಾಡಿಗೆ ಹೋಗಿದ್ದಿರಾ?' ಎಂದು ಕೇಳಲೇಬೇಕು. ಅದೇ ಪ್ರಶ್ನೆ ಗದರಿಕೆಯಂತೆ ಕೇಳಿಸಿದರೆ, ತರಗೆಲೆಗೋ ಸೌದೆಗೋ ಹೋಗಿದ್ದ ಹೆಂಗಸು ಅರಣ್ಯ ಇಲಾಖೆಯವರ ಭಯಕ್ಕೆ 'ಇಲ್ಲ' ಎಂದುಬಿಡುತ್ತಾಳೆ. ಕೇಸ್ ಶೀಟಿನಲ್ಲಿ 'ಇಲ್ಲ' ಎಂದೇ ದಾಖಲಾಗುತ್ತದೆ. ಅವಳ ಕಣ್ಣಿನ ಅಳುಕನ್ನು ಗಮನಿಸಿ, ಮೊದಲು ಮನೆಯ ಒಲೆ, ದನ, ತೋಟಗಳ ಮಾತಾಡಿ, ಆಮೇಲೆ ಕಾಡಿನ ಮಾತಿಗೆ ಬರುವ ವಿದ್ಯಾರ್ಥಿನಿಗೆ ನಿಜ ಸಿಗುತ್ತದೆ. ಇಲ್ಲಿ ಭಾವನೆಯನ್ನು ಅರಿಯುವುದೂ ರೋಗವನ್ನು ಪತ್ತೆಹಚ್ಚುವುದೂ ಒಂದೇ ಕೆಲಸ.

ಇದನ್ನು ಕಲಿಸಲೆಂದೇ 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ 'ಎಟ್‌ಕಾಮ್', ಅಂದರೆ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳನ್ನು ಸೇರಿಸಿದ್ದಾರೆ. ಹಳ್ಳಿಯ ಕುಟುಂಬಗಳನ್ನು 'ದತ್ತು' ಪಡೆದು ಆಗಾಗ ಭೇಟಿ ಮಾಡುವ ಕ್ರಮವೂ ಬಂದಿದೆ. ಎರಡನೆಯದರ ಮೇಲೆ ನನಗೆ ಹೆಚ್ಚು ಭರವಸೆ, ಏಕೆಂದರೆ ಅಲ್ಲಿ ರೋಗಿಗೆ ಬೆಡ್ ನಂಬರ್ ಇರುವುದಿಲ್ಲ, ಜಗಲಿ ಇರುತ್ತದೆ. ಮೊದಲನೆಯದು ಲಾಗ್‌ಬುಕ್ಕಿನ ಸಹಿಗೆ ಇಳಿಯುವ ಅಪಾಯವಿದೆ. ಬೆಳಿಗ್ಗೆ ತರಗತಿಯಲ್ಲಿ ಸಂವಹನದ ಪಾಠ ಕೇಳಿದವರು, ಹತ್ತು ಗಂಟೆಯ ರೌಂಡ್ಸಿನಲ್ಲಿ ಹಿರಿಯರು ರೋಗಿಯ ಮುಖ ನೋಡದೆ ಮುಂದಿನ ಮಂಚಕ್ಕೆ ಹೋಗುವುದನ್ನು ಕಂಡರೆ, ಯಾವ ಪಾಠ ಉಳಿಯುತ್ತದೆ? (ಕೆಲ ವರ್ಷಗಳ ಹಿಂದೆ ಬಂಧುವೊಬ್ಬರ ಆರೈಕೆಗೆಂದು ಆಸ್ಪತ್ರೆಯಲ್ಲಿದ್ದಾಗ, ಮಂಚದ ತುದಿಯಲ್ಲಿ ಕೂತು ಮಾತಾಡಿಸುತ್ತಿದ್ದ ಹಿರಿಯ ವೈದ್ಯರೊಬ್ಬರನ್ನು ಅವರ ಹೌಸ್ ಸರ್ಜನ್‌ಗಳು ವಾರದೊಳಗೆ ಹಾಗೆಯೇ ಅನುಕರಿಸತೊಡಗಿದ್ದನ್ನು ನೋಡಿದ್ದೇನೆ, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.)

ಇನ್ನು ನಿಮ್ಮ ಮಗಳ ವಿಷಯ. ಮೊದಲ ವರ್ಷ ಡಿಸೆಕ್ಷನ್ ಹಾಲಿನಲ್ಲಿ ಶವದ ಮುಂದೆ ನಿಂತಾಗಿನಿಂದ ಕೈ ನಡುಗದಂತೆ ಇರುವುದನ್ನು ಅವಳು ಕಲಿಯುತ್ತಿದ್ದಾಳೆ. ಆದರೆ ಹಾಗೆ ಅದುಮಿಟ್ಟದ್ದನ್ನು ಆಮೇಲೆ ಯಾರೆದುರು ಇಳಿಸಬೇಕೆಂಬುದಕ್ಕೆ ಕಾಲೇಜಿನ ವೇಳಾಪಟ್ಟಿಯಲ್ಲಿ ಅವಧಿಯಿಲ್ಲ. ಕಡುಬು ತಿನ್ನುತ್ತ ಹೇಳಿದಳೆಂದು ನೀವು ನೊಂದಿದ್ದೀರಿ. ನೀವು ಕೇಳುವ ಮೊದಲೇ ಅವಳಾಗಿ ಹೇಳಿದಳೆಂದೂ ಅದೇ ಪತ್ರದಲ್ಲಿ ಬರೆದಿದ್ದೀರಿ. ಮುಂದಿನ ರಜೆಯಲ್ಲಿ ಬಂದಾಗ, ಮನಸ್ಸು ಕಲ್ಲಾಯಿತೆಂದು ಆಕ್ಷೇಪಿಸದೆ, ಹನ್ನೆರಡನೇ ಬೆಡ್ಡಿನವರದು ಯಾವ ಊರು, ಜೊತೆಗೆ ಯಾರಿದ್ದರು, ಆ ರಾತ್ರಿ ಅವಳು ಎಷ್ಟು ಹೊತ್ತಿಗೆ ಮಲಗಿದಳು ಎಂದು ಒಮ್ಮೆ ಕೇಳಿ ನೋಡಿ.

ಸಂಪಾದಕ