ರಕ್ತ ವಾಪಸ್ ಬಂದಾಗಲೇ ಕಿಡ್ನಿಗೆ ಪೆಟ್ಟು

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಮೂರು ವಾರದ ಹಿಂದೆ ಹೃದಯದ ಆಪರೇಷನ್ ಆಯಿತು. ಆಗ ಬಿಪಿ ತುಂಬಾ ಇಳಿದು, ಕಿಡ್ನಿಗೆ ಸಾಕಷ್ಟು ರಕ್ತ ಹೋಗಲಿಲ್ಲವಂತೆ. 1.1 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) 2.8ಕ್ಕೆ ಏರಿ, ಈಗ 1.9ಕ್ಕೆ ಇಳಿದಿದೆ. ಗಿಡಗಳಲ್ಲಿರುವ ಆಂಟಿಆಕ್ಸಿಡೆಂಟ್ ಇಂಥ ಹಾನಿಯನ್ನು ತಡೆಯುತ್ತದೆ, ಇಲಿಗಳಲ್ಲಿ ಸಾಬೀತಾಗಿದೆ ಎಂದು ಓದಿ ಅರಿಶಿನದ ಕರ್ಕ್ಯುಮಿನ್ ಕ್ಯಾಪ್ಸೂಲ್ ತಂದಿಟ್ಟಿದ್ದೇನೆ. ಕೊಡಬಹುದಾ ಡಾಕ್ಟ್ರೇ?

ಉತ್ತರ: ಈಗ ಕೊಡಬೇಡಿ.

ನೀವು ಓದಿದ್ದು ಸುಳ್ಳಲ್ಲ. ಕಿಡ್ನಿ ವೈದ್ಯಳಾಗುವ ಮುಂಚೆ ನಾನೇ ಎರಡು ವರ್ಷ ಅಂಥ ಪ್ರಯೋಗ ಮಾಡಿದ್ದೇನೆ. ಅರಿವಳಿಕೆ ಕೊಟ್ಟ ಇಲಿಯ ಕಿಡ್ನಿಯ ರಕ್ತನಾಳಕ್ಕೆ ಪುಟ್ಟ ಕ್ಲಿಪ್ ಹಾಕುತ್ತಿದ್ದೆ. ನೋಡನೋಡುತ್ತಲೇ ಕಿಡ್ನಿ ಕಪ್ಪಿಟ್ಟು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. 45 ನಿಮಿಷ ಬಿಟ್ಟು ಕ್ಲಿಪ್ ತೆಗೆದರೆ, ಒಂದು ತುದಿಯಿಂದ ಕೆಂಪು ಹರಡಿಕೊಂಡು ಬರುತ್ತಿತ್ತು. ಸದ್ಯ, ಉಳಿಯಿತು ಅನ್ನಿಸುತ್ತಿತ್ತು. ಮಾರನೇ ದಿನ ರಕ್ತ ಪರೀಕ್ಷೆ ಮಾಡಿದರೆ ಕ್ರಿಯಾಟಿನಿನ್ ಏರಿರುತ್ತಿತ್ತು. ಆ ಕೆಂಪು ಮರಳಿದ ಗಳಿಗೆಯಲ್ಲೇ ಎರಡನೇ ಪೆಟ್ಟು ಬಿದ್ದಿರುತ್ತಿತ್ತು.

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ, ನಿಮಿಷಕ್ಕೆ 1 ಲೀಟರಿನಷ್ಟು. ಆದರೂ ಕಿಡ್ನಿಯ ಒಳಭಾಗಕ್ಕೆ ಯಾವಾಗಲೂ ಆಕ್ಸಿಜನ್ ಕಡಿಮೆಯೇ. ಅಲ್ಲಿನ ಸಣ್ಣ ನಳಿಕೆಗಳಿಗೆ ಉಪ್ಪು ವಾಪಸ್ ಹೀರುವ ದುಡಿಮೆ ಬೇರೆ. ರಕ್ತ ನಿಂತಾಗ ಜೀವಕೋಶದ ಇಂಧನವಾದ ಎಟಿಪಿ ಒಡೆದು, ಹೈಪೋಕ್ಸಾಂಥಿನ್ ಎಂಬ ವಸ್ತು ರಾಶಿ ಬೀಳುತ್ತದೆ. ಆಮೇಲೆ ಆಕ್ಸಿಜನ್ ಒಮ್ಮೆಗೇ ನುಗ್ಗಿದಾಗ, ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವ ಆ ರಾಶಿಯಿಂದ ಸೂಪರ್‌ಆಕ್ಸೈಡ್ ಎಂಬ, ಆಕ್ಸಿಜನ್‌ನ ಹಾನಿಕರ ರೂಪವನ್ನು ಹುಟ್ಟಿಸುತ್ತದೆ. ಅದರಿಂದ ಕೋಶದ ಪೊರೆ ಕೆಡುತ್ತದೆ, ಉರಿಯೂತ ಶುರುವಾಗುತ್ತದೆ.

ಇಂಥ ವಸ್ತುಗಳನ್ನು ತಣಿಸುವುದೇ ಆಂಟಿಆಕ್ಸಿಡೆಂಟ್ ಕೆಲಸ. ಈರುಳ್ಳಿಯ ಕ್ವೆರ್ಸೆಟಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಅರಿಶಿನದ ಕರ್ಕ್ಯುಮಿನ್, ಇವೆಲ್ಲ ಇಲಿಗಳಲ್ಲಿ ಈ ಹಾನಿಯನ್ನು ತಗ್ಗಿಸಿವೆ. ಆದರೆ ನಾನು ಔಷಧ ಕೊಡುತ್ತಿದ್ದದ್ದು ಕ್ಲಿಪ್ ಹಾಕುವ ಮುಂಚೆ. ಪೆಟ್ಟು ಯಾವ ನಿಮಿಷಕ್ಕೆ ಬೀಳುತ್ತದೆ ಎಂದು ನನಗೆ ಗೊತ್ತಿರುತ್ತಿತ್ತು, ಅಲ್ವಾ? ಇಲಿಗಳೂ ಎಳೆಯವು, ಬೇರೆ ಕಾಯಿಲೆ ಇಲ್ಲದವು. ನಿಮ್ಮ ತಂದೆಯವರಿಗೆ ಆ ನಿಮಿಷಗಳು ಕಳೆದು ಮೂರು ವಾರವಾಯಿತು. ಸಾಲದ್ದಕ್ಕೆ, ನುಂಗಿದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಮನುಷ್ಯರಲ್ಲೂ ಪರೀಕ್ಷಿಸಿದ್ದಾರೆ. ಕೆನಡಾದಲ್ಲಿ, ಹೊಟ್ಟೆಯ ದೊಡ್ಡ ರಕ್ತನಾಳ ಊದಿಕೊಂಡು ಆಪರೇಷನ್‌ಗೆ ಬಂದ 606 ಮಂದಿಯಲ್ಲಿ ಕೆಲವರಿಗೆ ಕರ್ಕ್ಯುಮಿನ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಅದೂ ಆಪರೇಷನ್‌ಗೆ ಮುಂಚಿನಿಂದಲೇ. 2018ರಲ್ಲಿ ಫಲಿತಾಂಶ ಬಂತು. ಲಾಭ ಕಾಣಲಿಲ್ಲ. ಕರ್ಕ್ಯುಮಿನ್ ತೆಗೆದುಕೊಂಡವರಲ್ಲೇ ಕಿಡ್ನಿಗೆ ಪೆಟ್ಟಾದವರು ಜಾಸ್ತಿ ಇದ್ದರು. ಅದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಎಷ್ಟು ಆಸೆ ಇಟ್ಟುಕೊಂಡಿದ್ದೆವು!

ಹಾಗಂತ ಆ ತಿಳಿವಳಿಕೆ ವ್ಯರ್ಥವಾಗಿಲ್ಲ. ಕಸಿಗಾಗಿ ತೆಗೆದ ಕಿಡ್ನಿಯನ್ನು ತಣ್ಣಗಿನ ದ್ರಾವಣದಿಂದ ತೊಳೆದು ಇಡುತ್ತಾರೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಅಂಥ ದ್ರಾವಣದಲ್ಲಿ ಅಲೋಪ್ಯುರಿನಾಲ್ ಇದೆ. ಮೇಲೆ ಹೇಳಿದ ಕ್ಸಾಂಥಿನ್ ಆಕ್ಸಿಡೇಸ್ ಕಿಣ್ವವನ್ನು ತಡೆಯುವ ಔಷಧವೇ ಅದು. ರಕ್ತ ಮರಳುವ ಮುಂಚೆಯೇ ನೇರ ಕಿಡ್ನಿಯೊಳಗೆ ಹೋಗಿರುತ್ತದೆ.

ನಿಮ್ಮ ತಂದೆಯವರ ಕ್ರಿಯಾಟಿನಿನ್ ಇಳಿಯುತ್ತಿರುವುದು ಒಳ್ಳೆಯ ಸುದ್ದಿ. ನಳಿಕೆಯ ಕೋಶಗಳು ಮತ್ತೆ ಬೆಳೆಯಬಲ್ಲವು. ಅವಕ್ಕೆ ಇನ್ನೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳಿ. ಮೈಕೈ ನೋವು ಎಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಸುಮ್ನೆ ಕೊಡಬೇಡಿ, ಅವು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ವಾಂತಿ, ಭೇದಿಯಾದರೆ ಅವತ್ತೇ ಡಾಕ್ಟರಿಗೆ ಹೇಳಿ. ನೀರು ಎಷ್ಟು ಕುಡಿಯಬೇಕು ಎಂದು ಹೃದಯದ ಡಾಕ್ಟರನ್ನೇ ಕೇಳಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟಿದ್ದಾರಾ? ಹಾಗಿದ್ದರೆ ಕರ್ಕ್ಯುಮಿನ್ ಕ್ಯಾಪ್ಸೂಲಿನಿಂದ ರಕ್ತಸ್ರಾವದ ಭಯವೂ ಇದೆ. ಅಡುಗೆಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ.

ಹಣ್ಣು, ಸೊಪ್ಪು ಎಷ್ಟು ಕೊಡಬಹುದು ಎನ್ನುವುದು ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಮುಂದಿನ ರಿಪೋರ್ಟಿನಲ್ಲಿ ಅದನ್ನೂ ಕೇಳಿ ತಿಳಿದುಕೊಳ್ಳಿ. ಹೋಗುವಾಗ ಆ ಕ್ಯಾಪ್ಸೂಲ್ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.