‘ಸೆಟ್’ ಒಂದೇ, ಕೂರುವ ಜಾಗ ಹಲವು

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಇಂಗ್ಲಿಷ್ ಪದದ ಬೆನ್ನು ಹತ್ತಿ ಬಂದಿವೆ. ಹಾಗಾಗಿ ಇಡೀ ಪುಟ ‘ಸೆಟ್’ಗೇ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ಸೆಟ್’ಗೆ 430 ಅರ್ಥವಂತೆ ಎಂದು ಮಕ್ಕಳು ಎಲ್ಲೋ ಓದಿಕೊಂಡು ಬಂದಿದ್ದಾರೆ. ನಿಜವೇ? ಅಷ್ಟನ್ನೂ ಕಲಿಸುವುದು ಹೇಗೆ? (ಶಿರಾ)

430 ಎನ್ನುವುದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯ ಲೆಕ್ಕ, ಅದೂ ಕ್ರಿಯಾಪದದ್ದು ಮಾತ್ರ. ನಿಘಂಟಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥ ಹೊತ್ತು ಅದನ್ನು ಹಿಂದೆ ಹಾಕಿತು. ಅಂಕಿ ನೋಡಿ ಬೆಚ್ಚಬೇಕಾಗಿಲ್ಲ. ಬಳಕೆ ತಪ್ಪಿದ ಅರ್ಥ, ‘ಅಪ್’, ‘ಔಟ್’, ‘ಆಫ್’ ಅಂಟಿಕೊಂಡ ರೂಪ, ಒಂದೊಂದು ಕಸುಬಿನವರ ಒಳಮಾತು, ಎಲ್ಲವೂ ಆ ಎಣಿಕೆಯಲ್ಲಿದೆ. ನಮ್ಮ ‘ಹಾಕು’ವನ್ನು ಹಾಗೆ ಎಣಿಸಲು ಕೂತರೆ ಬೀಗ ಹಾಕು, ಅರ್ಜಿ ಹಾಕು, ರಂಗೋಲಿ ಹಾಕು, ಗದರಿಕೆ ಹಾಕು, ಮೊಟ್ಟೆ ಹಾಕು ಅಂತ ಬೆಳಗಾಗಿಬಿಡುತ್ತದೆ.

ಪಟ್ಟಿ ಕೊಡಬೇಡಿ, ಒಂದು ಕನ್ನಡ ಪದ ಕೊಡಿ: ‘ಕೂರಿಸು’. ಹಳೆಯ ಇಂಗ್ಲಿಷಿನಲ್ಲಿ ಕೂರುವುದಕ್ಕೆ ‘ಸಿಟ್ಟನ್’, ಕೂರಿಸುವುದಕ್ಕೆ ‘ಸೆಟ್ಟನ್’. ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಅವರು ಒಳಗಿನ ಸ್ವರ ಬದಲಿಸಿ ಮಾಡಿಕೊಂಡರು. ‘ಫಾಲ್’ ಅಂದರೆ ಬೀಳು, ‘ಫೆಲ್’ ಅಂದರೆ ಮರ ಬೀಳಿಸು. ‘ಲೈ’ (ಮಲಗು) ಮತ್ತು ‘ಲೇ’ (ಮಲಗಿಸು), ‘ರೈಸ್’ (ಏಳು) ಮತ್ತು ‘ರೇಸ್’ (ಏಳಿಸು) ಅದೇ ಬಗೆಯ ಜೋಡಿಗಳು. ಇದರ ಬೇರು ನಮಗೆ ಪರಕೀಯವೂ ಅಲ್ಲ. ಸಂಸ್ಕೃತದ ‘ಸದ್’ ಧಾತುವೂ ಇಂಗ್ಲಿಷಿನ ‘ಸಿಟ್’ ಕೂಡ ಒಂದೇ ಮೂಲದವು. ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ಆ ‘ಕೂರುವ’ ಬಳಗದವೇ.

ಇನ್ನು ಪಾಠ. ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆಯಿರಿ. ಮೊದಲನೆಯದು ಕೂರಿಸುವುದು: ಉಂಗುರಕ್ಕೆ ಹರಳು ಕೂರಿಸುವುದಕ್ಕೆ ಇಂಗ್ಲಿಷಿನಲ್ಲೂ ‘ಸೆಟ್’ ಅನ್ನುತ್ತಾರೆ, ಅಕ್ಕಸಾಲಿಗರ ಕನ್ನಡ ಇಲ್ಲಿ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಮುರಿದ ಮೂಳೆಯ ತುದಿಗಳನ್ನು ಕೂಡಿಸುವುದು, ಟೇಬಲ್ ಮೇಲೆ ತಟ್ಟೆ ಲೋಟ ಜೋಡಿಸುವುದು, ಅಚ್ಚುಮೊಳೆ ಜೋಡಿಸುವುದು ಇದೇ ಮೆಟ್ಟಿಲಲ್ಲಿ. ಎರಡನೆಯದು ಗೊತ್ತುಮಾಡುವುದು: ಮದುವೆಗೆ ದಿನ, ಅಲಾರಂಗೆ ಗಂಟೆ, ಮಾಲಿಗೆ ಬೆಲೆ, ಪರೀಕ್ಷೆಗೆ ಪ್ರಶ್ನೆಪತ್ರಿಕೆ. ವಸ್ತು ಕೂತಂತೆ ಇಲ್ಲಿ ನಿರ್ಧಾರ ಕೂರುತ್ತದೆ. ಮೂರನೆಯದರಲ್ಲಿ ಕೂರಿಸುವವರೇ ಇಲ್ಲ, ವಸ್ತು ತಾನಾಗಿ ಬಿಗಿಯುತ್ತದೆ: ಮೊಸರು, ಜೆಲ್ಲಿ, ಸಿಮೆಂಟು. ಮಕ್ಕಳಿಗೆ ಹತ್ತು ವಾಕ್ಯ ಕೊಟ್ಟು ಯಾವುದು ಯಾವ ಮೆಟ್ಟಿಲಿನದು ಎಂದು ಕೇಳಿ. ಎಂಟಾದರೂ ಸರಿಯಾಗಿ ಬರುತ್ತವೆ. ಎಡವುವುದು ಸೂರ್ಯನಲ್ಲಿ. ‘ಸನ್‌ಸೆಟ್’ ಅವರಿಗೆ ಸೂರ್ಯ ತನ್ನ ಜಾಗಕ್ಕೆ ಇಳಿದು ಕೂರುವುದು, ನಮಗೆ ಮುಳುಗುವುದು. ಅದನ್ನು ಮೆಟ್ಟಿಲಿಗೆ ಹೊಂದಿಸಲು ಹೆಣಗದೆ ಹಾಗೇ ಬಾಯಿಪಾಠ ಮಾಡಿಸಿ.

‘ಹಿ ಸೆಟ್ ದಿ ಅಲಾರಂ’ ಎಂದರೆ ಇಡುತ್ತಾನೆಯೋ, ಇಟ್ಟನೋ? (ಹಾವೇರಿ)

ಇಟ್ಟನು. ‘ಸೆಟ್’ಗೆ ಮೂರು ಕಾಲಕ್ಕೂ ಒಂದೇ ರೂಪ, ‘ಸೆಟ್ಟೆಡ್’ ಎಂಬುದಿಲ್ಲ. ವರ್ತಮಾನವಾಗಿದ್ದರೆ ‘ಹಿ’ ಜೊತೆ ‘ಸೆಟ್ಸ್’ ಆಗಬೇಕಿತ್ತು. ‘ಸ್’ ಇಲ್ಲ, ಹಾಗಾದರೆ ಭೂತಕಾಲ. ‘ಐ’, ‘ದೇ’ ಬಂದಾಗ ಈ ಗುರುತೂ ಸಿಗುವುದಿಲ್ಲ. ಅಲ್ಲಿ ‘ನಿನ್ನೆ’, ‘ದಿನಾ’ ಎಂಬ ಪಕ್ಕದ ಪದವೇ ದಿಕ್ಕು.

ಮನೆ ಕಟ್ಟಿಸುತ್ತಿದ್ದೇವೆ. ಇಂಜಿನಿಯರ್ ‘ಸೆಟ್ ಆಗಿದೆ, ಇನ್ನೂ ಗಟ್ಟಿ ಆಗಿಲ್ಲ’ ಎನ್ನುತ್ತಾರೆ. ಎರಡೂ ಒಂದೇ ಅಲ್ಲವೇ? ನಿಘಂಟು ‘ಗಟ್ಟಿಯಾಗು’ ಎಂದೇ ಕೊಟ್ಟಿದೆ. (ಹಾಸನ)

ನಿಮ್ಮ ಇಂಜಿನಿಯರ್ ಸರಿ, ನಿಘಂಟು ಅವಸರ ಮಾಡಿದೆ. ‘ಸೆಟ್’ ಆಗುವುದೆಂದರೆ ನೀರು ಬಿದ್ದ ಸಿಮೆಂಟು ಮೆತ್ತಗಿನ ಗುಣ ಕಳೆದುಕೊಂಡು, ಕೊಟ್ಟ ಆಕಾರ ಹಿಡಿದು ನಿಲ್ಲುವುದು. ಬಲ ಬರುವುದು ಆಮೇಲಿನ ಮಾತು, ಅದಕ್ಕೆ ‘ಹಾರ್ಡನ್’ ಎಂಬ ಬೇರೆ ಪದವಿದೆ. ನಮ್ಮ ದೇಶದ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಮೊದಲ ಬಿಗಿತಕ್ಕೆ 30 ನಿಮಿಷಕ್ಕಿಂತ ಕಡಿಮೆ ತೆಗೆದುಕೊಳ್ಳಬಾರದು, ಪೂರಾ ಬಿಗಿಯಲು 600 ನಿಮಿಷ ಮೀರಬಾರದು. ಇದನ್ನು ಅಳೆಯುವುದು ವಿಕಾಟ್ ಸೂಜಿಯಿಂದ: ಸಿಮೆಂಟಿನ ಹಿಟ್ಟಿನೊಳಕ್ಕೆ ಸೂಜಿ ಎಷ್ಟು ಇಳಿಯುತ್ತದೆ ಎಂದು ನೋಡುತ್ತಾರೆ. ಬಲದ ಲೆಕ್ಕವಾದರೆ ನಿಮಿಷದಲ್ಲಲ್ಲ, ದಿನದಲ್ಲಿ. ಕಾಂಕ್ರೀಟಿನ ಬಲವನ್ನು 28ನೇ ದಿನಕ್ಕೆ ಪರೀಕ್ಷಿಸುವುದು ಅದಕ್ಕೇ. ಬೇಗ ಬಿಗಿಯದಿರಲಿ ಎಂದೇ ಕಾರ್ಖಾನೆಯಲ್ಲಿ ಜಿಪ್ಸಂ ಬೆರೆಸಿರುತ್ತಾರೆ, ಇಲ್ಲದಿದ್ದರೆ ಬಾಣಲೆಯಲ್ಲೇ ಕಲ್ಲಾಗುತ್ತಿತ್ತು.

ಅರ್ಥದ ಈ ಗೆರೆ ಅಳಿಸಿದರೆ ಕೆಲಸವೇ ಕೆಡುತ್ತದೆ. ಕಲಸಿಟ್ಟ ಗಾರೆ ಬಿಗಿಯಲು ಶುರುವಾದಾಗ ‘ಗಟ್ಟಿ ಆಯ್ತು’ ಅಂದುಕೊಂಡು ಇನ್ನಷ್ಟು ನೀರು ಸುರಿದು ಕಲಸುವವರಿದ್ದಾರೆ. ಆಗ ಆಗಲೇ ಕೂಡಿಕೊಳ್ಳುತ್ತಿದ್ದ ಕಣಗಳ ಬೆಸುಗೆ ಒಡೆಯುತ್ತದೆ, ಹೆಚ್ಚಾದ ನೀರು ಬಲವನ್ನೂ ತಿನ್ನುತ್ತದೆ. ಕನ್ನಡದಲ್ಲಿ ‘ಸೆಟ್’ಗೆ ‘ಬಿಗಿ’, ‘ಹಾರ್ಡನ್’ಗೆ ‘ಗಟ್ಟಿಯಾಗು’ ಎಂದು ಬೇರೆ ಮಾಡಿ ಬಳಸಿದರೆ ಗೊಂದಲವಿಲ್ಲ. ಮೊಸರಿಗೆ ಮಾತ್ರ ಎರಡೂ ಬೇಡ, ಅದಕ್ಕೆ ‘ಹೆಪ್ಪುಗಟ್ಟು’ ಎಂಬ ನಮ್ಮದೇ ಪದವಿದೆ.

ಸೆಟ್ ದೋಸೆಯ ‘ಸೆಟ್’ ಕೂಡ ಇದೇನಾ? (ದಾವಣಗೆರೆ)

ಅಲ್ಲ, ಇದು ಬೇರೆ ಮನೆಯದು. ಗುಂಪು ಎಂಬ ಅರ್ಥದ ‘ಸೆಟ್’ ಲ್ಯಾಟಿನ್ನಿನ ‘ಸೆಕ್ಟ’ದಿಂದ ಹಳೆಯ ಫ್ರೆಂಚ್ ಮೂಲಕ ಬಂತು. ಪಂಥ ಎಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು. ಮೂಲದಲ್ಲಿ ಒಬ್ಬರ ಹಿಂದೆ ಹೋಗುವವರ ಗುಂಪು. ಇಂಗ್ಲಿಷಿಗೆ ಬಂದ ಮೇಲೆ ‘ಕೂರಿಸು’ ಅರ್ಥದ ‘ಸೆಟ್’ ಜೊತೆ ಉಚ್ಚಾರ ಒಂದೇ ಆಗಿ, ಅರ್ಥವೂ ಸ್ವಲ್ಪ ಬೆರೆಯಿತು. ತಟ್ಟೆಗೆ ಸಾಮಾನ್ಯವಾಗಿ ಮೂರರಂತೆ, ಸಾಗು ಚಟ್ನಿಯೊಂದಿಗೆ ಬರುವ ದೋಸೆಗೆ ಈ ಗುಂಪಿನ ಹೆಸರು. ಗಣಿತದಲ್ಲಿ ಇದನ್ನೇ ‘ಗಣ’ ಎಂದು ಕಲಿಸುತ್ತೇವೆ. ಸಿನಿಮಾ ಸೆಟ್ ಹಾಗಲ್ಲ, ದೃಶ್ಯಕ್ಕೆಂದು ಕೂರಿಸಿ ಜೋಡಿಸಿದ್ದು, ಮೊದಲನೆಯ ಮನೆಯದು.

ಈ ಎರಡನೆಯ ‘ಸೆಟ್’ಗೆ ಸಮಾನಪದ ಹುಡುಕುವಾಗ ಎಲ್ಲವನ್ನೂ ‘ಗುಂಪು’ ಎಂದುಬಿಡಬೇಡಿ. ‘ಸೆಟ್’ಗೆ ಪೂರ್ತಿಯಾಗಿರುವ ಗುಣವಿದೆ, ಆರು ಲೋಟದಲ್ಲಿ ಒಂದು ಒಡೆದರೆ ಸೆಟ್ ಕೆಟ್ಟಿತು. ‘ಕಲೆಕ್ಷನ್’ಗೆ ಆ ಹಂಗಿಲ್ಲ, ಅಂಚೆಚೀಟಿ ಸಂಗ್ರಹ ಬೆಳೆಯುತ್ತಲೇ ಇರಬಹುದು. ‘ಕಿಟ್’ ಎಂದರೆ ಒಂದು ಕೆಲಸಕ್ಕೆ ಬೇಕಾದ ಬೇರೆಬೇರೆ ಸಾಮಾನು. ‘ಬ್ಯಾಚ್’ ಒಟ್ಟಿಗೆ ತಯಾರಾದದ್ದು, ಒಲೆಯಿಂದ ಒಮ್ಮೆಗೆ ಇಳಿದ ಇಡ್ಲಿಯ ಹಾಗೆ. ‘ಸೀರೀಸ್’ನಲ್ಲಿ ಹಿಂದುಮುಂದಿನ ಕ್ರಮ ಮುಖ್ಯ, ಅದು ಸರಣಿ. ಎರಡೇ ಇದ್ದರೆ ಇಂಗ್ಲಿಷಿನಲ್ಲಿ ‘ಪೇರ್’, ನಮ್ಮಲ್ಲಿ ಜೊತೆ ಅಥವಾ ಜೋಡಿ. ‘ಒಂದು ಸೆಟ್ ಚಪ್ಪಲಿ’ ಎಂದು ಯಾರೂ ಅನ್ನುವುದಿಲ್ಲ ನೋಡಿ.

ಕೆಳಗಿನ ಕೋರ್ಟಿನ ತೀರ್ಪನ್ನು ಹೈಕೋರ್ಟ್ ‘ಬದಿಗಿರಿಸಿತು’ ಎಂದು ಓದಿದೆ. ಆಮೇಲೆ ಮತ್ತೆ ತೆಗೆದು ನೋಡುತ್ತಾರೆಯೇ? (ಸಿರಸಿ)

ಇಲ್ಲ. ಅದು ‘ಸೆಟ್ ಅಸೈಡ್’ನ ಪದಕ್ಕೆ ಪದ ಕನ್ನಡ. ಮನೆಮಾತಿನಲ್ಲಿ ದುಡ್ಡು ‘ಸೆಟ್ ಅಸೈಡ್’ ಮಾಡಿದರೆ ಎತ್ತಿಟ್ಟ ಹಾಗೆ, ಮುಂದೆ ಬೇಕಾಗುತ್ತದೆ. ನ್ಯಾಯಾಲಯ ಮಾಡಿದರೆ ಆ ತೀರ್ಪು ರದ್ದು, ಅದಕ್ಕೆ ಜೀವವಿಲ್ಲ. ಜೀವ ಉಳಿದು ಕೈಕಾಲು ಕಟ್ಟಿದಂತಿದ್ದರೆ ಅದು ‘ಸ್ಟೇ’, ಅಂದರೆ ತಡೆಯಾಜ್ಞೆ. ಈ ವ್ಯತ್ಯಾಸ ಕಕ್ಷಿದಾರರಿಗೆ ದುಬಾರಿಯಾಗಬಹುದು. ಪ್ರತಿವಾದಿ ಹಾಜರಿಲ್ಲದೆ ಆದ ಏಕಪಕ್ಷೀಯ ಡಿಕ್ರಿಯನ್ನು (ಸಿವಿಲ್ ದಾವೆಯ ತೀರ್ಪಿನ ಆದೇಶವನ್ನು) ‘ಸೆಟ್ ಅಸೈಡ್’ ಮಾಡಿಸಲು ಡಿಕ್ರಿಯ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ. ‘ಬದಿಗಿರಿಸಲು ಅರ್ಜಿ’ ಎಂದು ಓದಿಕೊಂಡವರಿಗೆ ಅದು ತುರ್ತಿನ ಸಂಗತಿ ಅನ್ನಿಸುವುದೇ ಇಲ್ಲ. ವರದಿಗಾರರು ‘ರದ್ದುಪಡಿಸಿತು’ ಎಂದೇ ಬರೆಯಲಿ.

ಇದರ ನೆರೆಯ ‘ಸೆಟ್ ಆಫ್’ಗೆ ಮಾತ್ರ ಒಳ್ಳೆಯ ಕನ್ನಡವಿದೆ, ಬಳಸುವವರಿಲ್ಲ: ಮುರಿದುಕೊಳ್ಳುವುದು. ಕೊಟ್ಟ ಮುಂಗಡವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತೇವಲ್ಲ, ಆ ಮಾತು. ಆದಾಯ ತೆರಿಗೆಯಲ್ಲಿ ನಷ್ಟವನ್ನು ಲಾಭದಲ್ಲಿ ಕಳೆಯುವುದು, ತೀರ್ಪಿಗೆ ಮುಂಚೆ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ವಜಾ ಹಾಕಿಕೊಳ್ಳುವುದು, ಎರಡಕ್ಕೂ ‘ಸೆಟ್ ಆಫ್’ ಎಂದೇ ಹೆಸರು. ಅದೇ ‘ಸೆಟ್ ಆಫ್’ ಪ್ರಯಾಣದ ಮಾತಿನಲ್ಲಿ ಹೊರಡು, ಪಟಾಕಿಯ ಮಾತಿನಲ್ಲಿ ಹಚ್ಚು. ಹಿಂದೆ ಮುಂದೆ ನೋಡದೆ ಅನುವಾದಿಸಿದರೆ ಯಾರನ್ನು ಹೊರಡಿಸುತ್ತೀರೋ, ಯಾರಿಗೆ ಬೆಂಕಿ ಹಚ್ಚುತ್ತೀರೋ!

‘ಸೆಟೆದು ನಿಂತ’ ಎನ್ನುವುದು ‘ಸೆಟ್’ನಿಂದಲೇ? ಶೆಟ್ಟಿ? (ಕುಂದಾಪುರ)

ಎರಡೂ ಅಲ್ಲ. ಸೆಟೆ ಅಚ್ಚ ಕನ್ನಡ, ಚಳಿಗೆ ಸೆಡೆತುಕೊಳ್ಳುವ ‘ಸೆಡೆ’ಯ ನಂಟು. ಶೆಟ್ಟಿ ಸಂಸ್ಕೃತದ ‘ಶ್ರೇಷ್ಠಿ’ಯಿಂದ. ಕೆ-ಸೆಟ್ ಪರೀಕ್ಷೆಯ ‘ಸೆಟ್’ ಬರೀ ‘ಸ್ಟೇಟ್ ಎಲಿಜಿಬಿಲಿಟಿ ಟೆಸ್ಟ್’ನ ಮೊದಲಕ್ಷರಗಳ ಜೋಡಣೆ.

ಕೃಷಿ ಕರಪತ್ರದಲ್ಲಿ ‘ಕಬ್ಬಿನ ಸೆಟ್’ ಎಂದಿತ್ತು. ಎಷ್ಟು ಜಲ್ಲೆ ಸೇರಿದರೆ ಒಂದು ಸೆಟ್? (ಮದ್ದೂರು)

ಎಣಿಸಬೇಡಿ, ಅದು ಕಂತೆಯಲ್ಲ, ಬಿತ್ತನೆಯ ತುಂಡು. ನೆಲದಲ್ಲಿ ಕೂರಿಸುವ ತುಂಡಾದ್ದರಿಂದ ‘ಸೆಟ್’, ಇಂಗ್ಲಿಷಿನಲ್ಲಿ ಇದನ್ನು ಕೊನೆಯ ಅಕ್ಷರ ಇಮ್ಮಡಿಸಿ ಬರೆಯುತ್ತಾರೆ. ಎರಡು ಕಣ್ಣಿನದು, ಮೂರು ಕಣ್ಣಿನದು ಎಂದು ಹೇಳುವುದು ಈ ತುಂಡಿಗೇ. ತುದಿ ಸೀಳದಂತೆ ಹರಿತವಾದ ಕತ್ತಿಯಲ್ಲಿ ಕತ್ತರಿಸಿ. ಸೀಳಿದ ಕಡೆಯಿಂದ ಕೊಳೆರೋಗ ಒಳಹೊಗುತ್ತದೆ. ಕರಪತ್ರ ‘ಮೂರು ಕಣ್ಣಿನ ಬೀಜದ ತುಂಡು’ ಎಂದು ಬರೆದಿದ್ದರೆ ನಿಮಗೆ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

‘ಈ ಬಣ್ಣ ನಿಂಗೆ ಸೆಟ್ ಆಗಲ್ಲ’ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲೂ ಹಾಗೇ ಹೇಳಬಹುದೇ? (ಬೆಂಗಳೂರು)

ಹೇಳಿದರೆ ಬಟ್ಟೆಗೆ ಬಣ್ಣ ಹಿಡಿಯುತ್ತಿಲ್ಲ ಎಂದು ತಿಳಿಯುತ್ತಾರೆ. ಒಪ್ಪುವುದಕ್ಕೆ ಅಲ್ಲಿ ‘ಸೂಟ್’, ಅಳತೆಗೆ ಕೂರುವುದಕ್ಕೆ ‘ಫಿಟ್’, ಒಂದರೊಡನೆ ಒಂದು ಹೊಂದುವುದಕ್ಕೆ ‘ಮ್ಯಾಚ್’. ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎನ್ನಬೇಕಾದರೆ ‘ದೇ ಡೋಂಟ್ ಗೆಟ್ ಆನ್’. ಈ ನಾಲ್ಕು ಕೆಲಸವನ್ನೂ ಒಂದೇ ‘ಸೆಟ್’ನಿಂದ ಮಾಡಿಸಿಕೊಂಡವರು ನಾವು.