ಅಭ್ಯರ್ಥಿ ಆಸ್ಪತ್ರೆ ಬಾಗಿಲಲ್ಲಿದ್ದಾಗ ಸಹಿ ಯಾರದು?

ಮಾನ್ಯರೇ,

ಕಳೆದ ವಿಧಾನಸಭಾ ಚುನಾವಣೆಯಲ್ಲಿ ನೀವು ಯಾರ ಪರ ಓಡಾಡಿದಿರೋ ಆ ಪಕ್ಷೇತರ ಅಭ್ಯರ್ಥಿಯ ಪತ್ನಿ ಪ್ರಚಾರದ ನಡುವೆ ಐಸಿಯು ಸೇರಿದರು, ಆರು ದಿನ ಅಭ್ಯರ್ಥಿ ಕ್ಷೇತ್ರದಲ್ಲಿ ಕಾಣಲಿಲ್ಲ ಎಂದು ಬರೆದಿದ್ದೀರಿ. ಮೈಕ್ ಸೆಟ್‌ನವರು, ಆಟೊದವರು ದುಡ್ಡು ಬಾರದೆ ನಿಂತರು. ‘ಕಾಸು ಇಸ್ಕೊಂಡು ಮಲಗವ್ನೆ’ ಎಂಬ ಮಾತು ಹಬ್ಬಿತು. ಮುಂದಿನ ಸಲ ಅವರು ನಿಂತರೆ ಕೈಜೋಡಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಕೋಲಾರ ಜಿಲ್ಲೆಯ ನಿಮ್ಮ ಊರಿನ ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ.

ಖಂಡಿತ ಕೈಜೋಡಿಸಿ. ಹೆಂಡತಿಯ ಪಕ್ಕ ಇದ್ದದ್ದು ತಪ್ಪಲ್ಲ. ಅವರಿಲ್ಲದಾಗ ಸಹಿ ಹಾಕುವವರು ಇರಲಿಲ್ಲವಲ್ಲ, ಎಡವಿದ್ದು ಅಲ್ಲಿ. 2023ರಲ್ಲಿ ನಾಮಪತ್ರ ವಾಪಸಾತಿ ಮುಗಿದದ್ದು ಏಪ್ರಿಲ್ 24ಕ್ಕೆ, ಬಹಿರಂಗ ಪ್ರಚಾರ ನಿಂತದ್ದು ಮೇ 8ರ ಸಂಜೆ. ಎರಡೇ ವಾರದಲ್ಲಿ ಆರು ದಿನ ದುಡ್ಡು ನಿಂತರೆ ಯಾವ ತಂಡವೂ ತಾಳುವುದಿಲ್ಲ.

ನಾಮಪತ್ರ ಸಲ್ಲಿಸುವ ದಿನವೇ ಫಾರಂ 8ರಲ್ಲಿ ಚುನಾವಣಾ ಏಜೆಂಟರನ್ನು, ಅಂದರೆ ಅಭ್ಯರ್ಥಿಯ ಪರವಾಗಿ ಸಹಿ ಹಾಕಬಲ್ಲವರನ್ನು, ನೇಮಿಸಿ. ಎರಡು ಪ್ರತಿ ಕೊಟ್ಟರೆ ಚುನಾವಣಾಧಿಕಾರಿ ಒಂದಕ್ಕೆ ಮೊಹರು, ಸಹಿ ಹಾಕಿ ವಾಪಸು ಕೊಡುತ್ತಾರೆ. ಸರ್ಕಾರಿ ನೌಕರಿಯಲ್ಲಿರುವ ಭಾವಮೈದುನನನ್ನು ಕೂರಿಸಬೇಡಿ, ಕಾನೂನು ಒಪ್ಪುವುದಿಲ್ಲ. ಚುನಾವಣೆ ಖರ್ಚಿನ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆಯಬೇಕು. ಆಗಲೇ, ಏಜೆಂಟರಾಗಲಿರುವವರ ಜೊತೆ ಜಂಟಿಯಾಗಿ ತೆರೆಯಿರಿ. ಏಜೆಂಟರಲ್ಲದ ಮಗ, ತಮ್ಮ ಯಾರೂ ಅದರಲ್ಲಿ ಸೇರುವಂತಿಲ್ಲ. ಖಾತೆ ಅಭ್ಯರ್ಥಿಯೊಬ್ಬರದೇ ಆದರೆ ಚೆಕ್ ಪುಸ್ತಕ ಆಸ್ಪತ್ರೆಯ ಬೆಂಚಿನ ಮೇಲಿರುತ್ತದೆ. ನಗದಿನಲ್ಲಿ ಸುಧಾರಿಸೋಣ ಎಂದರೆ ಒಬ್ಬರಿಗೆ ಇಡೀ ಚುನಾವಣೆಗೆ 10,000 ರೂಪಾಯಿ ಮೀರುವಂತಿಲ್ಲ, ಮೈಕ್ ಸೆಟ್‌ನವರಿಗೆ ಅದೆಲ್ಲಿ ಸಾಲುತ್ತದೆ?

ಮತದಾನದ ದಿನದ ಪೆಟ್ಟು ಇನ್ನೂ ದೊಡ್ಡದು. ಮತಗಟ್ಟೆಯಲ್ಲಿ ಕೂರುವ ಬೂತ್ ಏಜೆಂಟರ ನೇಮಕ ಪತ್ರ ಫಾರಂ 10ಕ್ಕೆ ಅಭ್ಯರ್ಥಿ ಇಲ್ಲವೇ ಚುನಾವಣಾ ಏಜೆಂಟರೇ ಸಹಿ ಹಾಕಬೇಕು. ಆ ಇಬ್ಬರ ಮಾದರಿ ಸಹಿ ಮತಗಟ್ಟೆ ಅಧಿಕಾರಿಯ ಕೈಯಲ್ಲಿರುತ್ತದೆ, ತಾಳೆ ಹಾಕಿ ನೋಡುತ್ತಾರೆ. ಅವಸರಕ್ಕೆ ಬೇರೆಯವರು ಗೀಚಿದ ಕಾಗದ ಹಿಡಿದು ಹೋದ ಹುಡುಗ ಹೊರಗೇ ನಿಲ್ಲಬೇಕಾಗುತ್ತದೆ.

ಬೇಸತ್ತು ‘ಕಣದಿಂದ ಸರಿದೆವು’ ಎಂದು ಘೋಷಿಸುವುದೂ ವ್ಯರ್ಥ. ವಾಪಸಾತಿ ಗಡುವು ಮುಗಿದ ಮೇಲೆ ಹೆಸರು ಮತಯಂತ್ರದಲ್ಲಿ ಇದ್ದೇ ಇರುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬೀಳಬಹುದು.

ಗಾಳಿಮಾತಿಗೆ ಮದ್ದು ಮೊದಲ ದಿನದ ನಿಜ. ‘ಮನೆಯವರು ಆಸ್ಪತ್ರೆಯಲ್ಲಿದ್ದಾರೆ, ಇಂಥ ದಿನದವರೆಗೆ ನಾನು ಬರುವುದಿಲ್ಲ, ನನ್ನ ಪರವಾಗಿ ಇಂಥವರು ಬರುತ್ತಾರೆ’ ಎಂದು ಅಭ್ಯರ್ಥಿಯ ದನಿಯಲ್ಲೇ ಅರ್ಧ ನಿಮಿಷದ ಆಡಿಯೊ ಸಾಕು. ಬೆಳಿಗ್ಗೆ ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಅದನ್ನು ಕೇಳಿಸಿ. ಊರಿನ ಮಾತು ಹುಟ್ಟುವುದೇ ಅಲ್ಲಿ. ಐಸಿಯು ಫೋಟೊ ಮಾತ್ರ ಬೇಡ. ಆ ಹೆಣ್ಣುಮಗಳು ಚುನಾವಣೆಗೆ ನಿಂತಿಲ್ಲ.

ಅಭ್ಯರ್ಥಿಯ ಮೇಲೆಯೇ ಕ್ರಿಮಿನಲ್ ಕೇಸಿದ್ದರೆ ವಿಷಯ ಬೇರೆ. ಹೆಂಡತಿಗೆ ಹೊಡೆದ ಆರೋಪದ ಕೇಸು ‘ಮನೆ ವಿಷಯ’ ಆಗುವುದಿಲ್ಲ. ಅದನ್ನು ಫಾರಂ 26ರ ಪ್ರಮಾಣಪತ್ರದಲ್ಲಿ ಬರೆಯಬೇಕು, ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು. ಅಲ್ಲಿ ನೀವು ಹಿಂದೆ ಸರಿದರೆ ಯಾರೂ ದ್ರೋಹ ಎನ್ನಲಾರರು.

ಇನ್ನು ಆಸ್ಪತ್ರೆಯ ಕಡೆ. ಇಬ್ಬರನ್ನು ಪ್ರಚಾರದಿಂದ ಪೂರ್ತಿ ಬಿಡಿಸಿ ಅಲ್ಲಿಗೆ ಕಳಿಸಿ: ಒಬ್ಬರು ಔಷಧಿ, ಬಿಲ್ಲು, ರಕ್ತ ಕೊಡುವವರನ್ನು ನೋಡಿಕೊಳ್ಳಲಿ, ಇನ್ನೊಬ್ಬರು ರಾತ್ರಿ ಕೂರಲಿ, ಅಭ್ಯರ್ಥಿ ನಾಲ್ಕು ಗಂಟೆ ಹೊತ್ತಾದರೂ ಮಲಗಲಿ. ಇಡೀ ತಂಡದಿಂದ ಒಬ್ಬರೇ ಅವರಿಗೆ ಫೋನ್ ಮಾಡಿ, ದಿನಕ್ಕೆ ಒಂದೇ ಸಲ, ರಾತ್ರಿ 9ಕ್ಕೆ. ಮೊದಲು ಅವರ ಪತ್ನಿಯ ಆರೋಗ್ಯ ಕೇಳಿ, ಆಮೇಲೆ ಬೂತ್ ವಿಷಯ.

– ಸಂಪಾದಕ